ಶೀಘ್ರವಾಗಿ ಮಾರ್ಪಡುವ ವೈರಾಣುಗಳು ಮತ್ತು ವಂಶವಾಹಿ ಅನುಕ್ರಮ ಪತ್ತೆ: ಸಾರ್ವಜನಿಕರ ಮಾಹಿತಿಗಾಗಿ

ಮದ್ದೂರು ಪಟ್ಟಣವು ಬೆಂಗಳೂರು-ಮೈಸೂರು ಮಾರ್ಗದಲ್ಲಿದ್ದು, ಉದ್ಯೋಗ ಹಾಗೂ ವ್ಯಾಪಾರದ ನಿಮಿತ್ತ ಜನಸಂಚಾರ ನಿರಂತರವಾಗಿರುತ್ತದೆ. 2020ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಮಂಡ್ಯ ಜಿಲ್ಲೆಗೆ ಹಿಂದಿರುಗಿದವರಲ್ಲಿ ಅನೇಕ ಕೋವಿಡ್ ಪ್ರಕರಣಗಳು ಕಂಡುಬಂದವು. ಇಂತಹ ಸಂದರ್ಭದಲ್ಲಿ ಸೋಂಕು ಎಲ್ಲಿಂದ ಬಂದಿತು ಎಂಬುದು ರೋಗಿಯ ಹೇಳಿಕೆಯೊಂದರಿಂದಲೇ ತಿಳಿಯುವುದಿಲ್ಲ.

ಅನುಕ್ರಮ ಪತ್ತೆ ಎಂದರೇನು?

ಕೋವಿಡ್ ವೈರಾಣುವಿನ ವಂಶವಾಹಿಯು ಸುಮಾರು 30,000 ಅಕ್ಷರಗಳಷ್ಟು ಉದ್ದವಾಗಿದೆ. ಪ್ರತಿ ಮಾಡಿಕೊಳ್ಳುವಾಗ ಅಲ್ಲಲ್ಲಿ ತಪ್ಪುಗಳು ಉಂಟಾಗಿ, ಮುಂದಿನ ಪೀಳಿಗೆಗೂ ಸಾಗುತ್ತವೆ. ಈ ಅಕ್ಷರಗಳನ್ನು ಕ್ರಮವಾಗಿ ಓದಿ ಹೋಲಿಸಿದಲ್ಲಿ ವೈರಾಣುವಿನ ವಂಶಾವಳಿ ದೊರೆಯುತ್ತದೆ. ಇಬ್ಬರಲ್ಲಿ ಬೇರೆ ಬೇರೆ ತಳಿ ಕಂಡುಬಂದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ತಗುಲಿಲ್ಲವೆಂದು ತಿಳಿಯಬಹುದು. ಆದರೆ ಒಂದೇ ತಳಿ ಕಂಡುಬಂದ ಮಾತ್ರಕ್ಕೆ ಇಂತಹವರಿಂದಲೇ ಸೋಂಕು ಬಂದಿತೆಂದು ದೂಷಿಸಲಾಗದು.

ರಾಜ್ಯದ ಅನುಭವ

ಕರ್ನಾಟಕದಲ್ಲಿ 2020ರ ಮೇ 21ರವರೆಗಿನ ಪ್ರಕರಣಗಳ ಪೈಕಿ 91 ವೈರಾಣುಗಳ ವಂಶವಾಹಿಯನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರ ಅಧ್ಯಯನದಲ್ಲಿ ಓದಲಾಯಿತು. ಏಳು ತಳಿಗಳು ಪತ್ತೆಯಾದವು. ಅಂದರೆ ಸೋಂಕು ಹಲವು ಬಾರಿ ಹೊರಗಿನಿಂದ ಪ್ರವೇಶಿಸಿತ್ತು. ಸಂಪರ್ಕವೇ ತಿಳಿಯದ 24 ಪ್ರಕರಣಗಳ ಪೈಕಿ 11ರಲ್ಲಿ ಬಿ.6 ಎಂಬ ಒಂದೇ ತಳಿಯಿತ್ತು. ಈ ತಳಿಯು ರಾಜ್ಯದೊಳಗೇ ಹರಡುತ್ತಿತ್ತೆಂಬುದಕ್ಕೆ ಇದು ಸೂಚನೆಯಾಯಿತು. ಸಂಪರ್ಕ ಪತ್ತೆಯಿಂದಷ್ಟೇ ಇದು ಗೋಚರಿಸುತ್ತಿರಲಿಲ್ಲ. ಹಾಗೆಯೇ ಸಂಪರ್ಕದ ವಿವರವಿಲ್ಲದೆ ವಂಶಾವಳಿಯೊಂದೇ ಸಾಲದು.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಇನ್ಸಾಕಾಗ್ ಎಂಬ ಪ್ರಯೋಗಾಲಯ ಜಾಲವನ್ನು ರಚಿಸಿತು. ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾಗಿರುವುದನ್ನು 2021ರ ಡಿಸೆಂಬರ್ 2ರಂದು ಪ್ರಕಟಿಸಲಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಆರ್‌ಟಿ-ಪಿಸಿಆರ್ ವರದಿಯು ಸೋಂಕು ಇದೆಯೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ. ಅನುಕ್ರಮ ಪತ್ತೆಯು ಮುಖ್ಯವಾಗಿ ಸಮುದಾಯದ ನಿಗಾ ಕಾರ್ಯಕ್ಕಾಗಿದೆ.

2. ಇದಕ್ಕೆ ದಿನಗಳು ಹಿಡಿಯಬಹುದಾದ್ದರಿಂದ ತಳಿ ಯಾವುದೆಂದು ತಿಳಿಯಲು ಕಾಯುತ್ತ ಚಿಕಿತ್ಸೆಯನ್ನು ಮುಂದೂಡಬಾರದು.

3. ವೈರಾಣು ಪ್ರಮಾಣ ತೀರಾ ಕಡಿಮೆಯಿರುವ ಮಾದರಿಗಳಿಂದ ಪೂರ್ಣ ಅನುಕ್ರಮ ದೊರೆಯುವುದು ಕಷ್ಟ. ಆದ್ದರಿಂದ ರೋಗಲಕ್ಷಣ ಕಂಡ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

4. ಪ್ರಯಾಣ ಹಾಗೂ ಸಂಪರ್ಕದ ವಿವರಗಳನ್ನು ಮರೆಮಾಚದೆ ತಿಳಿಸತಕ್ಕದ್ದು.

ಮಾದರಿಗಳು ನಗರಗಳಿಂದ ಮಾತ್ರ ಬಂದಲ್ಲಿ ಗ್ರಾಮಗಳಲ್ಲಿ ಹರಡುವ ಹೊಸ ತಳಿಯು ತಡವಾಗಿ ತಿಳಿಯುತ್ತದೆ. ತಾಲ್ಲೂಕಿನ ಒಂದು ಮಾದರಿಯೂ ಅಷ್ಟೇ ಮುಖ್ಯವಾದುದರಿಂದ ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.