ಬ್ಯಾಟರಿ ಬದಲಿಸುವ ಮುನ್ನ

ಗಾಡಿ ಸ್ಟಾರ್ಟ್ ಆಗದಿದ್ದರೆ ನಾವು ಮೊದಲು ಬೈಯುವುದು ಬ್ಯಾಟರಿಯನ್ನೇ. ಕಳೆದ ವರ್ಷ ತುರುವನೂರಿನಿಂದ ಭೀಮಸಮುದ್ರಕ್ಕೆ ಅಡಿಕೆ ಹೊರಟ ಬೆಳಿಗ್ಗೆ ನನ್ನ ಜೀಪು ಕೈಕೊಟ್ಟಿತು. ಅಂದಿನ ಧಾರಣೆ ತಪ್ಪಿತು. ಅಂಗಡಿಯವರ ಮಾತು ನಂಬಿ ಹೊಸ ಬ್ಯಾಟರಿ ಹಾಕಿಸಿದೆ. ಎಂಟೇ ದಿನಕ್ಕೆ ಅದೂ ಮಲಗಿತು. ಕಡೆಗೆ ನೋಡಿದರೆ ಆಲ್ಟರ್ನೇಟರಿನ ಬೆಲ್ಟು ಸಡಿಲ!

ಆದುದರಿಂದ ಸದಸ್ಯ ಬಾಂಧವರೇ, ಹಣ ಬಿಚ್ಚುವ ಮೊದಲು ಅಳೆಯಿಸಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಸುಮಾರು 14 ಬರಬೇಕು. ಬಾರದಿದ್ದರೆ ದೋಷ ಚಾರ್ಜ್ ಮಾಡುವ ಭಾಗದ್ದು. ಟರ್ಮಿನಲ್‌ಗಳಿಗೆ ಬಿಳಿ ಪುಡಿ ಕಟ್ಟಿದ್ದರೆ ಅಡಿಗೆ ಸೋಡಾ ನೀರಿನಿಂದ ತೊಳೆದು ಬಿಗಿ ಮಾಡಿರಿ. ಎಷ್ಟೋ ಸಲ ಇಷ್ಟೇ ಸಾಕು. ಪೂರ್ತಿ ಚಾರ್ಜ್ ಮಾಡಿಸಿದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿದರೆ ಮಾತ್ರ ಅದರ ಆಯುಸ್ಸು ಮುಗಿಯಿತೆನ್ನಿ.

ನಮ್ಮ ಸೀಮೆಯ ಗಡಸು ಬೋರ್‌ವೆಲ್ ನೀರನ್ನೇ ಬ್ಯಾಟರಿಗೆ ಸುರಿಯುವವರನ್ನು ಕಂಡಿದ್ದೇನೆ. ಅದರಲ್ಲಿನ ಲವಣ ಒಳಗಿನ ಪ್ಲೇಟುಗಳನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು.

ಬದಲಿಸಲೇಬೇಕಾದರೆ, ಬಿಚ್ಚುವಾಗ ಮೈನಸ್ ತಂತಿ ಮೊದಲು, ಜೋಡಿಸುವಾಗ ಪ್ಲಸ್ ಮೊದಲು. ಹಳೆಯದನ್ನು ತೋಟದ ಬದುವಿಗೆ ಎಸೆಯಬೇಡಿ, ಒಳಗಿರುವುದು ಸೀಸ ಮತ್ತು ಆಮ್ಲ. ಅಂಗಡಿಗೇ ಮರಳಿಸಿ ಬೆಲೆಯಲ್ಲಿ ಮುರಿಸಿಕೊಳ್ಳಿರಿ. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಏರ್ಪಾಡು 2001ರ ಕೇಂದ್ರ ನಿಯಮಗಳಲ್ಲೇ ಇತ್ತು. 2022ರ ಹೊಸ ನಿಯಮಗಳಲ್ಲೂ ಇದೆ.

ನಮ್ಮ ಸಂಘವು ಸ್ಪ್ರೇಯರ್ ಬಾಡಿಗೆಗೆ ಕೊಡುವಂತೆ ಒಂದು ವೋಲ್ಟ್ ಮೀಟರ್, ಒಂದು ಚಾರ್ಜರ್ ಕಚೇರಿಯಲ್ಲಿ ಏಕೆ ಇಡಬಾರದು? ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ.