ಸಲಹಾ ಮಂಡಲಿಗಳೂ ಮುಂಡರಗಿಯ ರೈತನೂ

ಬೆಂಗಳೂರಿನಲ್ಲಿ ಕುಳಿತು ರಾಜ್ಯಕ್ಕೆ ನೀತಿಯನ್ನು ಉಪದೇಶಿಸುವ ಖಾಸಗಿ ವಿಚಾರ ಸಂಸ್ಥೆಗಳು ಈಚಿನ ದಶಕಗಳಲ್ಲಿ ಬೆಳೆದಿವೆ. ಇವುಗಳಲ್ಲಿ ಒಂದು ವರ್ಗದವರ ವಾದವು ಸ್ಥೂಲವಾಗಿ ಹೀಗಿದೆ: ಸರಕಾರದ ಕೈ ಮೊಟಕಾಗಲಿ, ಕರಭಾರ ಇಳಿಯಲಿ, ಭೂಮಿಯ ಕ್ರಯವಿಕ್ರಯಕ್ಕಿರುವ ಕಟ್ಟುಗಳು ಸಡಿಲಲಿ, ಖಾಸಗಿ ಬಂಡವಾಳಕ್ಕೆ ದಾರಿ ಸುಗಮವಾಗಲಿ, ಇದರೊಡನೆ ಕುಟುಂಬ, ಧರ್ಮ, ಪರಂಪರೆಗಳಿಗೆ ಭಂಗ ಬಾರದಿರಲಿ. ಇಂಥವರನ್ನು ಸ್ಥಿತಿಪಾಲಕ ಪಕ್ಷದವರೆಂದು ಕರೆಯಬಹುದು. ಇವರ ವರದಿಗಳು ವಿಧಾನಸೌಧದ ಮೇಜುಗಳನ್ನು ಸೇರುತ್ತವೆ. ಇವರ ಪಂಡಿತರು ಮಂತ್ರಿಗಳಿಗೂ ಕಾರ್ಯದರ್ಶಿಗಳಿಗೂ ಸಲಹೆಯನ್ನೀಯುತ್ತಾರೆ. ಆದರೆ ಆ ಸಲಹೆಯು ಕಾಯದೆಯಾಗಿ ಪರಿಣಮಿಸಿದ ಮೇಲೆ ಅದರ ಫಲವನ್ನು ಉಣ್ಣತಕ್ಕವನು ಮುಂಡರಗಿಯಂಥ ತಾಲೂಕಿನ ಎರೆಹೊಲದ ರೈತನು.

ಇಂಥ ಸಂಸ್ಥೆಗಳು ಬೇಡವೆಂದು ನಾವು ಹೇಳುವವರಲ್ಲ. ಪ್ರಜಾಪ್ರಭುತ್ವದಲ್ಲಿ ಯಾರೂ ಕೂಡಿ ವಿಚಾರಮಾಡಬಹುದು. ವಿಚಾರಮಾಡಿದ್ದನ್ನು ಸರಕಾರದ ಮುಂದಿಡಬಹುದು. ಬದಲಾವಣೆಯ ಭರದಲ್ಲಿ ಇದ್ದ ಒಳ್ಳೆಯದನ್ನು ಕೆಡಿಸಬೇಡಿರೆಂದು ಎಚ್ಚರಿಸುವವರೂ ರಾಜ್ಯಕ್ಕೆ ಅವಶ್ಯಕ. ನಮ್ಮ ಪ್ರಶ್ನೆ ಇಷ್ಟೇ: ಸ್ಥಿತಿಯನ್ನು ಕಾಯುತ್ತೇವೆನ್ನುವವರು ಕಾಯುವುದು ಯಾವುದನ್ನು? ಯಾರ ದುಡ್ಡಿನಿಂದ ಮಾತನಾಡುತ್ತಾರೆ? ಮಾತನಾಡುವ ಮುನ್ನ ಯಾರನ್ನು ಕೇಳಿದ್ದಾರೆ?

ಈ ಪ್ರಶ್ನೆಗಳಿಗೆ ಯೋಗ್ಯವಾದ ಉತ್ತರವನ್ನು ಕೊಟ್ಟ ಸಂಸ್ಥೆಯೊಂದು ಕನ್ನಡನಾಡಿನಲ್ಲಿಯೇ ಉಂಟು. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯೇ ಅದು. ಗುಂಡಪ್ಪನವರು ಸ್ವಭಾವದಿಂದಲೂ ಸಿದ್ಧಾಂತದಿಂದಲೂ ಮಿತವಾದಿಗಳು. ಒಂದೇ ಏಟಿಗೆ ಎಲ್ಲವನ್ನೂ ಕಿತ್ತೊಗೆಯುವ ಉತ್ಸಾಹವು ಅವರಿಗೆ ಒಪ್ಪಿಗೆಯಾದುದಲ್ಲ. ಹಾಗೆಂದು ಅವರು ಅಧಿಕಾರಸ್ಥರ ಹೊಗಳುಭಟರೂ ಆಗಲಿಲ್ಲ. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೂ ರಾಜ್ಯಾಂಗದ ಹಕ್ಕುಗಳು ಬೇಕೆಂದು ಬಹುಕಾಲ ಬರೆದವರು. ಪಕ್ಷರಾಜಕಾರಣದಿಂದ ದೂರ ನಿಂತು ಪುಸ್ತಕಭಂಡಾರ, ಅಧ್ಯಯನಗೋಷ್ಠಿ, ಉಪನ್ಯಾಸ, ‘ಪಬ್ಲಿಕ್ ಅಫೇರ್ಸ್’ ಎಂಬ ಇಂಗ್ಲಿಷ್ ಪತ್ರಿಕೆ ಇವುಗಳ ಮೂಲಕ ನಾಗರಿಕನನ್ನು ರಾಜ್ಯವಿಚಾರದಲ್ಲಿ ಶಿಕ್ಷಿತನನ್ನಾಗಿಸುವುದು ಆ ಸಂಸ್ಥೆಯ ಕೆಲಸವಾಗಿದ್ದಿತು. 1970ರಲ್ಲಿ ನಾಗರಿಕರು ಗುಂಡಪ್ಪನವರನ್ನು ಸನ್ಮಾನಿಸಿ ಅರ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅವರು ತಾವಿಟ್ಟುಕೊಳ್ಳದೆ ಸಂಸ್ಥೆಗೇ ಕೊಟ್ಟುಬಿಟ್ಟರು. ಸಲಹೆಗಾರನಾಗಬಯಸುವವನು ಮೊದಲು ನಿಸ್ಪೃಹನಾಗಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸಂಸ್ಥೆಗೆ ಹೆಸರಾದ ಗೋಪಾಲಕೃಷ್ಣ ಗೋಖಲೆಯವರೂ ಮಂದಗಾಮಿಗಳೇ. ಆದರೆ 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಸಾಮ್ರಾಜ್ಯ ಶಾಸನಸಭೆಯಲ್ಲಿ ಮಂಡಿಸಿದವರು ಅವರು. ಮರುವರ್ಷ ಅದು ಬಿದ್ದುಹೋಯಿತು. ಆದರೂ ಬಡವನ ಮಗನ ಓದಿಗೆ ಸರಕಾರವು ಹಣ ಸುರಿಯಬೇಕೆಂದು ಕೇಳಲು ಅವರ ಮಿತವಾದವು ಅಡ್ಡಿಯಾಗಲಿಲ್ಲ. ನಿಧಾನವಾಗಿ ನಡೆಯಬೇಕೆನ್ನುವುದು ಬೇರೆ, ಸರಕಾರವು ಬಡವನ ಪಾಲಿಗೆ ಇಲ್ಲದಂತಾಗಬೇಕೆನ್ನುವುದು ಬೇರೆ. ಇಂದಿನ ಕೆಲವು ಪಂಡಿತರು ಇವೆರಡನ್ನೂ ಒಂದೇ ಎಂದು ತಿಳಿದಂತಿದೆ.

ಸ್ಥಿತಿಪಾಲಕರ ಸಲಹೆಯು ದೇಶಕ್ಕೆ ಉಪಕಾರ ಮಾಡಿದ ಸಂದರ್ಭವನ್ನೂ ನಾವು ಹೇಳಬೇಕು. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಾಮೂಹಿಕ ಸಹಕಾರಿ ಬೇಸಾಯದ ಗೊತ್ತುವಳಿಯನ್ನು ಅಂಗೀಕರಿಸಿತು. ರೈತನ ಹೊಲವು ಹೆಸರಿಗೆ ಅವನದಾಗಿ ಉಳಿದು, ಸಾಗುವಳಿಯ ಹಿಡಿತವು ಅವನ ಕೈತಪ್ಪುವುದೆಂದು ರಾಜಾಜಿ, ರಂಗಾ, ಮಸಾನಿ ಮೊದಲಾದವರು ವಿರೋಧಿಸಿ ಅದೇ ವರ್ಷ ಸ್ವತಂತ್ರ ಪಕ್ಷವನ್ನು ಕಟ್ಟಿದರು; ಕಾಂಗ್ರೆಸ್ಸಿನೊಳಗಿನಿಂದಲೇ ಚರಣಸಿಂಗರು ವಿರೋಧಿಸಿದರು. ಆ ಯೋಜನೆಯು ದೇಶವ್ಯಾಪಿಯಾಗಿ ಕಾರ್ಯಕ್ಕೆ ಬರಲಿಲ್ಲ. ಸಣ್ಣ ರೈತನ ಸ್ವಾಮ್ಯವನ್ನು ಕಾಯ್ದದ್ದು ಅಂದಿನ ಸ್ಥಿತಿಪಾಲಕರ ವಾದವೆಂದು ಒಪ್ಪಲೇಬೇಕು.

ಆದರೆ ನಿಧಾನದ ಸಲಹೆಯು ಅನ್ಯಾಯಕ್ಕೆ ನೆರಳಾದದ್ದೂ ಉಂಟು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗ 1948ರ ಗೇಣಿ ಕಾಯದೆಯು ಬಂದಿತು. ಏಕೀಕರಣದ ತರುವಾಯ 1961ರ ಭೂಸುಧಾರಣಾ ಕಾಯದೆಯಾಯಿತು. ಸ್ವಂತ ಸಾಗುವಳಿಯ ನೆವದಿಂದ ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಅದರಲ್ಲಿ ಮಾಲೀಕರಿಗೆ ಉಳಿಸಿದ್ದರಿಂದ ಉಳುವವನ ಭಯವು ತಪ್ಪಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿಯನ್ನೇ ತೊಡೆದುಹಾಕಿದ ಮೇಲೆ ರೈತನು ತಲೆಯೆತ್ತಿ ನಡೆಯುವಂತಾಯಿತು. ಅಂದು ‘ಇನ್ನೂ ಸ್ವಲ್ಪ ತಡೆಯಿರಿ’ ಎಂದವರ ಮಾತನ್ನು ಕೇಳಿದ್ದರೆ ಅವನು ಇನ್ನೊಂದು ತಲೆಮಾರು ಕಾಯಬೇಕಾಗಿದ್ದಿತು. ಸಲಹೆಯ ಬೆಲೆಯು ಅದು ಬಲದ್ದೋ ಎಡದ್ದೋ ಎಂಬುದರಿಂದ ಗೊತ್ತಾಗುವುದಿಲ್ಲ. ಅದರಿಂದ ಯಾರ ಕಾಲು ನೆಲದ ಮೇಲೆ ಭದ್ರವಾಯಿತು ಎಂಬುದರಿಂದ ಗೊತ್ತಾಗುತ್ತದೆ.

ಈಗ ನಮ್ಮ ತಾಲೂಕಿನ ಮಾತಿಗೆ ಬರೋಣ. 2010ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಕೊರಿಯದ ಪೋಸ್ಕೋ ಕಂಪನಿಯೊಡನೆ ಉಕ್ಕಿನ ಕಾರಖಾನೆಯ ಒಡಂಬಡಿಕೆಯಾಯಿತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು, ಮೂವತ್ತು ಸಾವಿರ ಕೋಟಿಗೂ ಮೀರಿದ ಬಂಡವಾಳ ಎಂದು ಲೆಕ್ಕ ಹೇಳಲಾಯಿತು. ಸ್ಥಳವಾಗಿ ಗೊತ್ತಾದದ್ದು ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಣ ಹೊಲಗಳು. ಬೇಕಾದ ಭೂಮಿ ಮೂರು ಸಾವಿರ ಎಕರೆಗೂ ಹೆಚ್ಚು. ಒಡಂಬಡಿಕೆಗೆ ರುಜು ಬಿದ್ದದ್ದು ರಾಜಧಾನಿಯಲ್ಲಿ. ಹೊಲದ ಒಡೆಯನಿಗೆ ಸುದ್ದಿ ಮುಟ್ಟಿದ್ದು ಕೊನೆಗೆ. ರೈತರು ಎದ್ದುನಿಂತರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಮಹಾಸ್ವಾಮಿಗಳು ಮುಂದಾಳಾದರು. 2011ರ ಜುಲೈಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಅಲ್ಲಿಯ ಭೂಸ್ವಾಧೀನವನ್ನು ಕೈಬಿಡಬೇಕಾಯಿತು; 2013ರ ಜುಲೈಯಲ್ಲಿ ಕಂಪನಿಯು ಕರ್ನಾಟಕದ ಯೋಜನೆಯನ್ನೇ ತೊರೆಯಿತು.

ಅಂದು ಹಳ್ಳಿಗುಡಿಯ ರೈತರನ್ನು ಪ್ರಗತಿಯ ವೈರಿಗಳೆಂದು ಹಳಿದವರುಂಟು. ನಾವು ಕೇಳುತ್ತೇವೆ: ಸ್ಥಿತಿಪಾಲಕ ಎಂಬ ಶಬ್ದಕ್ಕೆ ಅರ್ಥವಿರುವುದಾದರೆ ಅದಕ್ಕೆ ಯೋಗ್ಯರಾದವರು ಆ ರೈತರೇ ಅಲ್ಲವೆ? ಅಜ್ಜನ ಹೊಲ, ಊರಿನ ಗುಡಿ, ಕೆರೆ, ದನಗಳ ಹುಲ್ಲುಗಾವಲು ಇವುಗಳನ್ನು ಮೊಮ್ಮಗನಿಗೆ ಮುಟ್ಟಿಸಬೇಕೆಂದವರು ಅವರು. ಮಗ್ಗುಲಲ್ಲಿಯೇ ಇರುವ ಕಪ್ಪತಗುಡ್ಡದ ಸಂಗತಿಯೂ ಇದೇ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, ಮರುವರ್ಷ ಆ ಆಜ್ಞೆಯನ್ನು ಹಿಂತೆಗೆದುಕೊಂಡು, ಜನರು ಬೀದಿಗಿಳಿದ ಮೇಲೆ 2017ರಲ್ಲಿ ಸರಕಾರವು ಮತ್ತೆ ರಕ್ಷಣೆ ಕೊಟ್ಟಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಔಷಧಿಯ ಗಿಡಮೂಲಿಕೆಗಳಿಂದ ತುಂಬಿದ ಆ ಗುಡ್ಡವನ್ನು ಕಾಯಲು ನಿಂತವರು ಮಠದ ಸ್ವಾಮಿಗಳು, ರೈತರು, ವಿದ್ಯಾರ್ಥಿಗಳು. ಪರಂಪರೆಯ ರಕ್ಷಣೆಯನ್ನು ಹೊಗಳುವ ಸಂಸ್ಥೆಗಳು ಗುಡ್ಡವನ್ನೂ ಹೊಲವನ್ನೂ ಪರಂಪರೆಯೊಳಗೆ ಎಣಿಸುತ್ತವೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

2020ರ ಭೂಸುಧಾರಣಾ ತಿದ್ದುಪಡಿಯನ್ನು ಈ ದೃಷ್ಟಿಯಿಂದ ನೋಡಿರಿ. ಬೇಸಾಯಗಾರನಲ್ಲದವನು, ಹಾಗೆಯೇ ಬೇಸಾಯೇತರ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದ ವರಮಾನವುಳ್ಳವನು ಕೃಷಿಭೂಮಿಯನ್ನು ಕೊಳ್ಳಕೂಡದೆಂಬ 79ಎ, 79ಬಿ ಕಲಮುಗಳನ್ನು ಅದು ತೆಗೆದುಹಾಕಿತು. ಮುಕ್ತ ಮಾರುಕಟ್ಟೆಯ ಪಕ್ಷದವರು ಬಹುಕಾಲದಿಂದ ಕೇಳುತ್ತಿದ್ದುದು ಇದನ್ನೇ. ಅವರ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ: ಕೊಳ್ಳುವವರು ಹೆಚ್ಚಿದರೆ ಮಾರುವ ರೈತನಿಗೆ ಬೆಲೆ ಹೆಚ್ಚು ಸಿಕ್ಕೀತು, ಆ ಕಲಮುಗಳ ಹೆಸರಿನಲ್ಲಿ ಕಚೇರಿಗಳಲ್ಲಿ ನಡೆಯುತ್ತಿದ್ದ ಕಿರುಕುಳವೂ ಲಂಚವೂ ತಪ್ಪೀತು. ಆದರೆ ಎರಡು ವರ್ಷ ಮಳೆ ಕೈಕೊಟ್ಟು ಸಾಲದಲ್ಲಿ ಮುಳುಗಿದವನು ಮಾರುವುದು ಇಚ್ಛೆಯಿಂದಲ್ಲ, ನಿರ್ವಾಹವಿಲ್ಲದೆ. ಅಂಥವನ ಮುಂದೆ ರಾಜಧಾನಿಯ ಹಣವಂತನು ನಿಂತಾಗ ಅದು ಸಮಾನರ ವ್ಯವಹಾರವಾದೀತೆ? ಇದಕ್ಕಿಂತಲೂ ಆಕ್ಷೇಪಾರ್ಹವಾದುದು ಅದು ಬಂದ ರೀತಿ. ಜನರು ಸಭೆ ಸೇರುವುದೇ ದುಸ್ತರವಾಗಿದ್ದ ಕೊರೋನಾ ಕಾಲದಲ್ಲಿ, ಜುಲೈ ತಿಂಗಳಲ್ಲಿ ಅದು ಸುಗ್ರೀವಾಜ್ಞೆಯಾಗಿ ಹೊರಟಿತು. ರೈತನ ನೆಲದ ಕಾಯದೆಯನ್ನು ರೈತನು ಮನೆಯೊಳಗೆ ಬಂದಿಯಾಗಿದ್ದಾಗ ಬದಲಿಸುವುದು ಯಾವ ಸ್ಥಿತಿಪಾಲನೆ?

ದೂರದಲ್ಲಿ ಕುಳಿತ ಮಂಡಲಿಗಳು ನೆಲದ ಹಕ್ಕನ್ನು ಕೆದಕಿದರೆ ಏನಾಗುತ್ತದೆಂಬುದನ್ನು ಈ ಸೀಮೆಯು ಬಲ್ಲದು. ಡಾಲ್ ಹೌಸಿಯ ಕಾಲದಲ್ಲಿ, 1852ರ ಕಾಯದೆಯ ಬಲದಿಂದ ಇನಾಮು ಕಮಿಷನ್ನು ಮನೆಮನೆಯ ದಸ್ತೈವಜುಗಳನ್ನು ಶೋಧಿಸಿ ಹುಟ್ಟಿಸಿದ ಅಸಂತೋಷವು ದಕ್ಷಿಣ ಮಹಾರಾಷ್ಟ್ರ-ಕರ್ನಾಟಕ ಸೀಮೆಯ ಕ್ಷೋಭೆಗೆ ಒಂದು ಪ್ರಬಲ ಕಾರಣವಾಯಿತು. 1858ರಲ್ಲಿ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಪ್ರಾಣವನ್ನರ್ಪಿಸಿದ್ದು ಆ ಕ್ಷೋಭೆಯ ಕಾಲದಲ್ಲಿಯೇ. ಇಂದು ರಾಜ್ಯವು ನಮ್ಮದು, ಮತವು ನಮ್ಮದು. ಖಡ್ಗದ ಕಾಲ ಮುಗಿಯಿತು. ಹಾಗಿರಲು ಕೇಳಿ ಮಾಡುವ ಸೌಜನ್ಯವಾದರೂ ನಮ್ಮ ಸರಕಾರದಲ್ಲಿರಬೇಡವೆ?

ನಮ್ಮ ಬೇಡಿಕೆಗಳು ಮಿತವಾದವು. ಸರಕಾರಕ್ಕೆ ನೀತಿಯ ಸಲಹೆ ಕೊಡುವ ಪ್ರತಿಯೊಂದು ಖಾಸಗಿ ಸಂಸ್ಥೆಯು ತನಗೆ ಹಣವು ಎಲ್ಲಿಂದ ಬಂದಿತೆಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. 2005ರ ಮಾಹಿತಿ ಹಕ್ಕಿನ ಕಾಯದೆಯು ಸರಕಾರಿ ನೆರವಿನಿಂದ ಗಣನೀಯವಾಗಿ ನಡೆಯುವ ಸಂಸ್ಥೆಗಳಿಗೆ ತಗಲುವುದೇ ಹೊರತು, ದೊಡ್ಡ ವ್ಯಾಪಾರಗಾರರ ದೇಣಿಗೆಯಿಂದ ನಡೆಯುವವಕ್ಕೆ ನೇರವಾಗಿ ತಗಲುವುದಿಲ್ಲ. ಆದುದರಿಂದ ಸಲಹೆಯನ್ನು ಸ್ವೀಕರಿಸುವ ಸರಕಾರವೇ ಈ ನಿಯಮವನ್ನು ಹಾಕಬೇಕು. ಸರಕಾರವು ಸ್ವೀಕರಿಸಿದ ವರದಿಗಳು ಕನ್ನಡದಲ್ಲಿ ಹೊರಬರಲಿ. ಇಂಗ್ಲಿಷಿನಲ್ಲಿ ಅಡಗಿದ ನೀತಿಯು ಗುಪ್ತ ನೀತಿಯಂತೆಯೇ. ಮಸೂದೆಗಳನ್ನು 30 ದಿನ ಮುಂಚಿತವಾಗಿ ಜನರ ಮುಂದಿಡಬೇಕೆಂದು ಕೇಂದ್ರ ಸರಕಾರವು 2014ರಲ್ಲಿ ನಿರ್ಣಯಿಸಿತು. ನೆಲಕ್ಕೂ ನೀರಿಗೂ ಸಂಬಂಧಿಸಿದ ರಾಜ್ಯದ ಮಸೂದೆಗಳಿಗೆ ಈ ಪದ್ಧತಿಯು ಕಟ್ಟುನಿಟ್ಟಾಗಿ ಅನ್ವಯಿಸಲಿ; ವಿಚಾರಣೆಯು ತಾಲೂಕಿನ ಊರುಗಳಲ್ಲಿ ನಡೆಯಲಿ. ತಹಶೀಲದಾರರೂ ಕೃಷಿ ಅಧಿಕಾರಿಗಳೂ ಕೆಳಗಿನಿಂದ ಕಂಡ ಸಂಗತಿಯನ್ನು ಮೇಲಕ್ಕೆ ನಿರ್ಭಯವಾಗಿ ಬರೆಯಲಿ. ಪಂಡಿತರ ನೂರು ಪುಟದ ವರದಿಗಿಂತ ಅವರ ಒಂದು ಪ್ರಾಮಾಣಿಕ ಟಿಪ್ಪಣಿಯು ಎಷ್ಟೋ ಸಲ ಹೆಚ್ಚು ತೂಗುತ್ತದೆ.

ಕೊನೆಯದಾಗಿ ಪಟ್ಟಣದ ಓದುಬಲ್ಲ ಮಹನೀಯರಿಗೆ ಒಂದು ಮಾತು. ನೀತಿಯನ್ನು ಕಟ್ಟುವುದು ರಾಜಧಾನಿಯವರ ಗುತ್ತಿಗೆಯೆಂದು ತಿಳಿಯಬೇಡಿರಿ. ಸಹಕಾರಿ ಸಾಲದ ಸಂಘಗಳ ಕಾಯದೆಯು 1904ರಲ್ಲಿ ಹೊರಬಿದ್ದಾಗ ಅದು ಕೇವಲ ಕಾಗದ. ಮರುವರ್ಷವೇ ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘವನ್ನು ಕಟ್ಟಿ, ಆ ಕಾಗದಕ್ಕೆ ಜೀವ ತುಂಬಿದರು. ಕನ್ನಡನಾಡಿನ ಸಹಕಾರದ ಇತಿಹಾಸವು ಆ ಹಳ್ಳಿಯಿಂದ ಆರಂಭವಾಗುತ್ತದೆ. ಗೋಖಲೆ ಸಂಸ್ಥೆಯು ಬೆಂಗಳೂರಿನಲ್ಲಿ ಮಾಡಿದ ಅಧ್ಯಯನಗೋಷ್ಠಿಯ ಕೆಲಸವನ್ನು ಮುಂಡರಗಿಯ ವಾಚನಾಲಯದಲ್ಲಿ ಹತ್ತು ಜನ ವಕೀಲರು, ಶಿಕ್ಷಕರು, ವ್ಯಾಪಾರಸ್ಥರು, ರೈತರು ಕೂಡಿ ಮಾಡಲಾರರೆ? ತಿಂಗಳಿಗೊಂದು ಮಸೂದೆಯನ್ನೋ ವರದಿಯನ್ನೋ ಓದಿ, ಅದರಿಂದ ಈ ತಾಲೂಕಿಗೆ ಆಗುವ ಲಾಭಹಾನಿಯನ್ನು ಕನ್ನಡದಲ್ಲಿ ಬರೆದು ಶಾಸಕರಿಗೆ ಕಳಿಸಿದರೆ, ಮುಂದಿನ ಒಡಂಬಡಿಕೆಗೆ ರುಜು ಬೀಳುವ ಮುನ್ನ ಹೊಲದ ಒಡೆಯನ ಮಾತು ಆ ಮೇಜನ್ನು ತಲುಪೀತು. ಆ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬರುವ ಆದಿತ್ಯವಾರವೇ ಪ್ರಾರಂಭವಾಗಲಿ.