ದಂಡ ತೆತ್ತರೆ ಹಾನಿ ತೀರದು



1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಇದ್ದ ಐದು ವರ್ಷಗಳವರೆಗಿನ ಸೆರೆವಾಸವನ್ನು 2023ರ ಜನ ವಿಶ್ವಾಸ ಕಾಯ್ದೆ ಕೈಬಿಟ್ಟು, ಅಧಿಕಾರಿಯೇ ವಿಚಾರಿಸಿ ವಿಧಿಸುವ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ಆ ಜಾಗಕ್ಕೆ ತಂದಿದೆ. ದಂಡ ಕಟ್ಟದಿದ್ದರಷ್ಟೇ ಸೆರೆವಾಸದ ಮಾತು ಬರುತ್ತದೆ. ದಂಡದ ಹಣ ಸರ್ಕಾರದ ನಿಧಿಗೆ ಸೇರುತ್ತದೆಯೇ ಹೊರತು, ಹಾನಿ ಮಾಡಿದವರು ಅದನ್ನು ಅನುಭವಿಸಿದವರ ಎದುರು ಕುಳಿತು ಉತ್ತರಿಸಬೇಕೆಂಬ ಏರ್ಪಾಡು ಇದರಲ್ಲಿಲ್ಲ.

ಆಕ್ಷೇಪ ಇರುವುದು ಇಲ್ಲಿಯೇ. ತಪ್ಪಿತಸ್ಥರು, ಬಾಧಿತರು ಮತ್ತು ಸಮುದಾಯ ಒಂದೆಡೆ ಕೂತು, ಆದ ಹಾನಿ ಯಾವುದು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು ನಿರ್ಧರಿಸುವ ಕ್ರಮಕ್ಕೆ ಪುನಃಸ್ಥಾಪನಾ ನ್ಯಾಯ ಎನ್ನುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಬ್ರೋಕನ್ ಹಿಲ್ ಬಳಿಯ ಗಣಿಗಾರಿಕೆಯಿಂದ ಮೂಲನಿವಾಸಿಗಳ ಪರಂಪರೆಯ ನೆಲೆಗೆ ಧಕ್ಕೆಯಾದ ಪ್ರಕರಣದಲ್ಲಿ, ಅಲ್ಲಿನ ಭೂ ಮತ್ತು ಪರಿಸರ ನ್ಯಾಯಾಲಯ 2007ರಲ್ಲಿ ಇಂಥ ಸಭೆಗೆ ಅವಕಾಶ ಕೊಟ್ಟು, ಅದರ ಫಲವನ್ನು ಶಿಕ್ಷೆ ನಿಗದಿಪಡಿಸುವಾಗ ಪರಿಗಣಿಸಿತು. ಹಾಗೆಂದು ದಂಡ ವಿಧಿಸದೆ ಬಿಡಲಿಲ್ಲ.

ಕರ್ನಾಟಕದ ಅನುಭವ ಬೇರೆಯದು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅಕ್ರಮ ಗಣಿಗಾರಿಕೆ ಕುರಿತ 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತೀವ್ರ ಅಕ್ರಮದ ಗುತ್ತಿಗೆಗಳನ್ನು ರದ್ದುಪಡಿಸಿತಲ್ಲದೆ, ಅದಕ್ಕಿಂತ ಕಡಿಮೆ ಅಕ್ರಮದ ‘ಬಿ’ ವರ್ಗದ ಗುತ್ತಿಗೆದಾರರು ಗಡಿ ಮೀರಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣು ಸುರಿದ ಜಾಗಕ್ಕೆ 1 ಕೋಟಿ ರೂಪಾಯಿ ಪರಿಹಾರ ತೆರಬೇಕೆಂದಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು 2014ರಲ್ಲಿ ನಿಗಮವೂ ಸ್ಥಾಪನೆಯಾಯಿತು. ಹಾನಿಗೆ ಬೆಲೆ ಕಟ್ಟಿ ವಸೂಲು ಮಾಡಿದ ಈ ಕ್ರಮ ಮಹತ್ವದ್ದೇ ಸರಿ. ಆದರೆ ಹೆಕ್ಟೇರಿನ ಲೆಕ್ಕ ತೋಡಿದ ಗುಂಡಿಗೆ, ಮಣ್ಣು ಸುರಿದ ಜಾಗಕ್ಕಷ್ಟೇ ನಿಲ್ಲುತ್ತದೆ. ಅದಿರಿನ ಲಾರಿಗಳು ಓಡಾಡಿದ ದಾರಿಯುದ್ದಕ್ಕೂ ಬೆಳೆಯ ಎಲೆಗಳ ಮೇಲೆ ಕೂತ ಕೆಂದೂಳಿಗೂ, ಮಳೆಗೆ ಕೊಚ್ಚಿಬಂದು ಹಳ್ಳದ ಪಾತ್ರದಲ್ಲಿ ತುಂಬಿದ ಹೂಳಿಗೂ ಆ ಲೆಕ್ಕದಲ್ಲಿ ಜಾಗವಿಲ್ಲ; ಅವುಗಳ ವಿವರ ಬಲ್ಲವರು ಆ ಊರಿನ ರೈತರು.

ಆದ್ದರಿಂದ ಪುನಶ್ಚೇತನದ ಕಾಮಗಾರಿಗಳಲ್ಲಿ ಯಾವುದು ಮೊದಲಾಗಬೇಕೆಂದು ಆಯಾ ಗ್ರಾಮಸಭೆ ತೀರ್ಮಾನಿಸಬೇಕು, ಗಣಿ ಗುತ್ತಿಗೆದಾರರು ಅದೇ ಸಭೆಗೆ ಬಂದು ಉತ್ತರದಾಯಿಗಳಾಗಬೇಕು, ಹೊಸ ಕಾಯ್ದೆಯಡಿ ದಂಡ ನಿಗದಿಪಡಿಸುವ ಅಧಿಕಾರಿ ಬಾಧಿತರ ಹೇಳಿಕೆಯನ್ನು ಕಡ್ಡಾಯವಾಗಿ ದಾಖಲಿಸಬೇಕು. ಉದ್ದೇಶಪೂರ್ವಕ ಅಪರಾಧಕ್ಕೆ ಮೊಕದ್ದಮೆ ಇದರೊಂದಿಗೇ ನಡೆಯಬೇಕು. ಇಲ್ಲವಾದರೆ ಉಳ್ಳವರಿಗೆ ದಂಡವೆಂಬುದು ವ್ಯವಹಾರದ ಇನ್ನೊಂದು ಖರ್ಚಷ್ಟೇ ಆಗುತ್ತದೆ.

– ಓದುಗ, ಸಂಡೂರು